ಹೈಸ್ಕೂಲಿಗೆ ಯಾವ್ಯಾವ ಕೋರ್ಸ್ ತಗೊಳ್ಳಬೇಕು?

ಫೆಬ್ರವರಿ ಬಂದರೆ ಸಾಕು, ನನ್ನ ಫೋನಿಗೆ ಒಂದೇ ಥರದ ಮೆಸೇಜು ಬರಲು ಶುರುವಾಗುತ್ತದೆ. "ಅಕ್ಕಾ, ಮಗ ಎಂಟನೇ ಗ್ರೇಡ್. ಹೈಸ್ಕೂಲಿನವರು ಕೋರ್ಸ್ ಸೆಲೆಕ್ಷನ್ ಫಾರಂ ಕಳಿಸಿದ್ದಾರೆ. ಏನೇನು ತಗೊಂಡರೆ ಗ್ರಾಜುಯೇಟ್ ಆಗೋಕೆ ತೊಂದರೆ ಇರಲ್ಲ, ಸ್ವಲ್ಪ ಹೇಳ್ತೀರಾ?" ಕ್ಯಾಲಿಫೋರ್ನಿಯಾದಲ್ಲಿ ಎರಡು ಮಕ್ಕಳ ಹೈಸ್ಕೂಲ್ ಮುಗಿಸಿದವಳು ಅಂತ ನನ್ನನ್ನು ಕೇಳುತ್ತಾರೆ. ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಕ್ಯಾಲಿಫೋರ್ನಿಯಾದ ಸರ್ಕಾರಿ ಹೈಸ್ಕೂಲುಗಳ, ಅಂದರೆ ಒಂಬತ್ತರಿಂದ ಹನ್ನೆರಡನೇ ಗ್ರೇಡಿನವರೆಗಿನ ಮಾತು. ಟೆಕ್ಸಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವವರಿಗೆ ನಿಯಮ ಬೇರೆ.

ಚಿಕ್ಕದಾಗಿ ಹೇಳುವುದಾದರೆ ಉತ್ತರ ಇಷ್ಟು. ಹೈಸ್ಕೂಲ್ ಮುಗಿಸುವುದು ಒಂದು ಲೆಕ್ಕ, ಯೂನಿವರ್ಸಿಟಿಗೆ ಅರ್ಜಿ ಹಾಕುವ ಅರ್ಹತೆ ಇನ್ನೊಂದು ಲೆಕ್ಕ. ಎರಡನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆದುಕೊಳ್ಳಿ. ಈ ವರ್ಷದ್ದು ಮಾತ್ರ ನೋಡಬೇಡಿ, ನಾಲ್ಕೂ ವರ್ಷಕ್ಕೆ ಹಂಚಿ. ನಮ್ಮವರು ಗಣಿತ, ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ ಆರ್ಟ್ಸ್ (ಚಿತ್ರ, ಸಂಗೀತ, ನೃತ್ಯದಂಥ ಕಲೆ), ಪಿಇ (ದೈಹಿಕ ಶಿಕ್ಷಣ), ಭಾಷೆ ಇಂಥ ಕಡೆ.

ನಮಗೆ ಇದು ಗೊಂದಲ ಅನ್ನಿಸುವುದು ಸಹಜ. ನಾವು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೇರುವಾಗ ಪಿಸಿಎಂಬಿನೋ ಕಾಮರ್ಸೋ ಅಂತ ಒಂದೇ ಸಲ ತೀರ್ಮಾನ ಮಾಡಿದೆವು. ಆಮೇಲೆ ಟೈಂಟೇಬಲ್ ಕಾಲೇಜಿನವರದು, ಕೊನೆಗೊಂದು ಬೋರ್ಡ್ ಪರೀಕ್ಷೆ. ಇಲ್ಲಿ ಬೋರ್ಡ್ ಪರೀಕ್ಷೆ ಇಲ್ಲ. ಮೊದಲು ಹೈಸ್ಕೂಲ್ ಮುಗಿಸಲು ರಾಜ್ಯದ ಒಂದು ಪರೀಕ್ಷೆ ಪಾಸಾಗಬೇಕಿತ್ತು, 2015ರಲ್ಲಿ ಅದನ್ನು ನಿಲ್ಲಿಸಿದರು, 2017ರಲ್ಲಿ ಕಾನೂನಿನಿಂದಲೇ ತೆಗೆದುಹಾಕಿದರು. ಈಗ ಟ್ರಾನ್ಸ್‌ಕ್ರಿಪ್ಟಿನಲ್ಲಿ (ನಾಲ್ಕೂ ವರ್ಷದ ಅಂಕಪಟ್ಟಿಯಲ್ಲಿ) ಯಾವ ಕೋರ್ಸ್ ಇದೆ, ಯಾವ ಗ್ರೇಡ್ ಬಂದಿದೆ ಅನ್ನುವುದೇ ಮುಖ್ಯ.

ರಾಜ್ಯ ಕೇಳುವುದು ತುಂಬಾ ಕಡಿಮೆ. ಇಂಗ್ಲಿಷ್ ಮೂರು ವರ್ಷ, ಗಣಿತ ಎರಡು, ವಿಜ್ಞಾನ ಎರಡು, ಸಮಾಜ ವಿಜ್ಞಾನ ಮೂರು, ಪಿಇ ಎರಡು. ಇದರ ಜೊತೆಗೆ ಕಲೆ, ಬೇರೆ ಭಾಷೆ ಅಥವಾ ವೃತ್ತಿ ತರಬೇತಿಯ ಕೋರ್ಸು, ಇವುಗಳಲ್ಲಿ ಯಾವುದಾದರೂ ಒಂದು ವರ್ಷ. ಇದರ ಮೇಲೆ ಪ್ರತಿ ಸ್ಕೂಲ್ ಡಿಸ್ಟ್ರಿಕ್ಟ್ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ತನ್ನದನ್ನು ಸೇರಿಸುತ್ತದೆ. ಒಂದು ಕಡೆ ಹೆಲ್ತ್ ಕ್ಲಾಸ್ ಕಡ್ಡಾಯ, ಇನ್ನೊಂದು ಕಡೆ ಇಂಗ್ಲಿಷ್ ನಾಲ್ಕು ವರ್ಷ ಕಡ್ಡಾಯ. ಹಾಗಾಗಿ ಪಕ್ಕದ ಊರಿನ ಗೆಳತಿ ಹೇಳಿದ್ದು ನಿಮ್ಮ ಮಗನಿಗೆ ಹೊಂದಬೇಕು ಅಂತೇನಿಲ್ಲ. ಈಗ ಮಿಡಲ್ ಸ್ಕೂಲಿನಲ್ಲಿರುವ ಚಿಕ್ಕವರಿಗೆ ಇನ್ನೊಂದು ಹೊಸ ವಿಷಯವಿದೆ. 2024ರ ಕಾನೂನಿನ ಪ್ರಕಾರ 2031ರಲ್ಲಿ ಹೈಸ್ಕೂಲ್ ಮುಗಿಸುವವರಿಂದ ಮುಂದೆ ಪರ್ಸನಲ್ ಫೈನಾನ್ಸ್ ಒಂದು ಸೆಮಿಸ್ಟರ್ ಓದಲೇಬೇಕು. ದುಡ್ಡಿನ ಲೆಕ್ಕ ಮಕ್ಕಳಿಗೆ ಶಾಲೆಯಲ್ಲೇ ಸಿಗುವುದು ನನಗಂತೂ ತುಂಬಾ ಸಂತೋಷದ ವಿಷಯ.

ಇನ್ನು ಎರಡನೇ ಲೆಕ್ಕ. ಇಲ್ಲಿಯ ಸರ್ಕಾರಿ ಯೂನಿವರ್ಸಿಟಿಗಳಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮತ್ತು ಕ್ಯಾಲ್ ಸ್ಟೇಟ್ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಇವುಗಳಿಗೆ ನೇರವಾಗಿ ಅರ್ಜಿ ಹಾಕಲು ಎ-ಜಿ ಅನ್ನುವ ಪಟ್ಟಿ ಪೂರೈಸಬೇಕು. ಎ ಅಂದರೆ ಇತಿಹಾಸ ಎರಡು ವರ್ಷ, ಬಿ ಇಂಗ್ಲಿಷ್ ನಾಲ್ಕು, ಸಿ ಗಣಿತ ಮೂರು, ಡಿ ವಿಜ್ಞಾನ ಎರಡು, ಇ ಇಂಗ್ಲಿಷ್ ಅಲ್ಲದ ಒಂದೇ ಭಾಷೆ ಎರಡು, ಎಫ್ ಕಲೆ ಒಂದು, ಜಿ ಎಲೆಕ್ಟಿವ್ (ಐಚ್ಛಿಕ ವಿಷಯ) ಒಂದು. ಒಟ್ಟು 15 ಕೋರ್ಸು, ಒಂದೊಂದೂ ಒಂದು ವರ್ಷದ್ದು. ಯುಸಿಗೆ ಅದರಲ್ಲಿ 11 ಹನ್ನೆರಡನೇ ಗ್ರೇಡಿಗೆ ಮೊದಲೇ ಮುಗಿದಿರಬೇಕು. ಈ ಎರಡು ಪಟ್ಟಿ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ, ರಾಜ್ಯದ ಲೆಕ್ಕದಲ್ಲಿ ಆರಾಮಾಗಿ ಗ್ರಾಜುಯೇಟ್ ಆದ ಮಗುವಿಗೆ ಯುಸಿಗೆ ಅರ್ಜಿ ಹಾಕುವ ಅರ್ಹತೆ ಇಲ್ಲದೇ ಇರಬಹುದು.

ಗ್ರೇಡಿನ ವಿಷಯದಲ್ಲೂ ಹಾಗೇ. ಬಹಳಷ್ಟು ಡಿಸ್ಟ್ರಿಕ್ಟುಗಳಲ್ಲಿ ಡಿ ಗ್ರೇಡ್ ಬಂದರೂ ಕ್ರೆಡಿಟ್ (ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಲೆಕ್ಕ) ಸಿಗುತ್ತದೆ, ಗ್ರಾಜುಯೇಷನ್ನಿಗೆ ಸಾಕು. ಎ-ಜಿಗೆ ಸಿ ಗ್ರೇಡ್ ಅಥವಾ ಅದಕ್ಕಿಂತ ಮೇಲೇ ಬೇಕು. ಸ್ಕೂಲಿನ ಪೋರ್ಟಲ್‌ನಲ್ಲಿ ಕ್ರೆಡಿಟ್ ತುಂಬಿದೆ ಅಂತ ಕಾಣುತ್ತದೆ, ಮನೆಯಲ್ಲಿ ಎಲ್ಲರೂ ನಿಶ್ಚಿಂತೆಯಾಗಿರುತ್ತಾರೆ. ಗಣಿತ ಮತ್ತು ಭಾಷೆಯಲ್ಲಿ ಒಂದು ಅನುಕೂಲ ಇದೆ: ಮೊದಲ ಸೆಮಿಸ್ಟರಿನಲ್ಲಿ ಡಿ ಬಂದು ಎರಡನೆಯದರಲ್ಲಿ ಸಿ ಬಂದರೆ ಯುಸಿ ಮೊದಲಿನದನ್ನೂ ಒಪ್ಪುತ್ತದೆ. ಇಂಗ್ಲಿಷ್, ಇತಿಹಾಸದಲ್ಲಿ ಆ ಅನುಕೂಲ ಇಲ್ಲ. ಅಲ್ಲಿ ಡಿ ಬಂದರೆ ಅದೇ ಬೇಸಿಗೆಯಲ್ಲಿ ಸಮ್ಮರ್ ಸ್ಕೂಲಿಗೆ ಹಾಕಿ, ಮುಂದಿನ ವರ್ಷಕ್ಕೆ ತಳ್ಳಬೇಡಿ.

ಈಗ ಹಾಳೆ ತಗೊಳ್ಳಿ. ದಿನಕ್ಕೆ ಆರು ಪಿರಿಯಡ್ ಇರುವ ಸ್ಕೂಲಾದರೆ ನಾಲ್ಕು ವರ್ಷಕ್ಕೆ 24 ಮನೆಗಳು. ಒಂಬತ್ತರಲ್ಲಿ ಇಂಗ್ಲಿಷ್, ಗಣಿತ, ಬಯಾಲಜಿ, ಸ್ಪ್ಯಾನಿಷ್, ಪಿಇ, ಆರ್ಟ್ಸ್. ಆರೂ ತುಂಬಿತು. ಹತ್ತರಲ್ಲಿ ಇಂಗ್ಲಿಷ್, ಗಣಿತ, ಕೆಮಿಸ್ಟ್ರಿ, ಸ್ಪ್ಯಾನಿಷ್, ಪಿಇ, ವಿಶ್ವ ಇತಿಹಾಸ. ಅದೂ ತುಂಬಿತು. ಹನ್ನೊಂದರಲ್ಲಿ ಇಂಗ್ಲಿಷ್, ಗಣಿತ, ಫಿಸಿಕ್ಸ್, ಸ್ಪ್ಯಾನಿಷ್, ಅಮೆರಿಕದ ಇತಿಹಾಸ, ಒಂದು ಖಾಲಿ. ಹನ್ನೆರಡರಲ್ಲಿ ಇಂಗ್ಲಿಷ್, ಗಣಿತ, ಅರ್ಧ ವರ್ಷ ಸಿವಿಕ್ಸ್ ಅರ್ಧ ವರ್ಷ ಎಕನಾಮಿಕ್ಸ್, ಮೂರು ಖಾಲಿ. ಅಂದರೆ ಮಗುವಿನ ಇಷ್ಟಕ್ಕೆ ಸಿಗುವುದು ನಾಲ್ಕೇ ನಾಲ್ಕು ಮನೆ. ಡಿಸ್ಟ್ರಿಕ್ಟ್ ಹೆಲ್ತ್ ಕೇಳಿದರೆ, ಪರ್ಸನಲ್ ಫೈನಾನ್ಸ್ ಸೇರಿದರೆ ಅದೂ ಇದರಲ್ಲೇ ಹೋಗಬೇಕು. ಒಂಬತ್ತರಲ್ಲೇ ಕಂಪ್ಯೂಟರ್ ಸೈನ್ಸೂ ರೋಬಾಟಿಕ್ಸೂ ಬೇಕು ಅಂದರೆ ಆರ್ಟ್ಸ್, ಪಿಇ ಮುಂದಕ್ಕೆ ಹೋಗುತ್ತವೆ. ತಪ್ಪೇನಲ್ಲ. ಆದರೆ ಎಲ್ಲಿಗೆ ಹೋದವು ಅಂತ ಅದೇ ದಿನ ಹಾಳೆಯ ಮೇಲೆ ಬರೆಯಬೇಕು. ಹನ್ನೆರಡನೇ ಗ್ರೇಡಿನಲ್ಲಿ ಮಗುವಿಗೆ ಬೇಕಾದ ಫಿಸಿಕ್ಸ್ ಕ್ಲಾಸು ದಿನಕ್ಕೆ ಒಂದೇ ಪಿರಿಯಡ್ ಇರುತ್ತದೆ, ಸೆರಾಮಿಕ್ಸ್ ಕ್ಲಾಸೂ ಅದೇ ಪಿರಿಯಡ್ಡಿನಲ್ಲಿ ಬಂದರೆ ಏನು ಮಾಡುತ್ತೀರಿ? ಯಾವ ಕೋರ್ಸ್ ಎಷ್ಟು ಸಲ ನಡೆಸಬೇಕು ಅಂತ ಸ್ಕೂಲಿನವರು ತೀರ್ಮಾನಿಸುವುದು ಈ ಫೆಬ್ರವರಿ ಫಾರಂಗಳನ್ನು ಎಣಿಸಿ. ಅದಕ್ಕೇ ಸುಮ್ನೆ ಯಾವುದೋ ಒಂದು ಟಿಕ್ ಮಾಡಿ ಆಮೇಲೆ ಬದಲಾಯಿಸೋಣ ಅಂತ ಕೂರಬೇಡಿ.

ಆರ್ಟ್ಸ್ ಬಗ್ಗೆ ನನ್ನನ್ನು ಅತಿ ಹೆಚ್ಚು ಸಲ ಕೇಳಿರುವುದು ಇದು: "ಮಗಳು ಚಿಕ್ಕವಳಿದ್ದಾಗಿಂದ ಭರತನಾಟ್ಯ ಕಲೀತಿದಾಳೆ, ರಂಗಪ್ರವೇಶಾನೂ ಆಯ್ತು. ಅದು ಎಫ್‌ಗೆ ಆಗಲ್ವಾ?" ಆಗುವುದಿಲ್ಲ. ಗುರುಗಳ ಹತ್ತಿರ ಕಲಿತದ್ದು ಟ್ರಾನ್ಸ್‌ಕ್ರಿಪ್ಟಿನಲ್ಲಿ ಕೋರ್ಸ್ ಆಗಿ ಬರುವುದಿಲ್ಲ, ಯುಸಿ ಒಪ್ಪಿದ ಕೋರ್ಸುಗಳ ಪಟ್ಟಿಯಲ್ಲಿ ಇರುವುದೂ ಇಲ್ಲ. ಅರ್ಜಿಯಲ್ಲಿ ಚಟುವಟಿಕೆಗಳ ಜಾಗದಲ್ಲಿ ಧಾರಾಳವಾಗಿ ಬರೆಯಬಹುದು, ಅಲ್ಲಿ ಅದಕ್ಕೆ ಬೆಲೆ ಇದೆ. ಎಫ್‌ಗೆ ಮಾತ್ರ ಶಾಲೆಯ ಕೋರ್ಸೇ ಬೇಕು, ಅದೂ ಪೂರ್ತಿ ವರ್ಷದ್ದು. ಎರಡು ಬೇರೆ ಬೇರೆ ಸೆಮಿಸ್ಟರ್ ತಗೊಂಡರೆ ಒಂದೇ ಪ್ರಕಾರದ್ದಾಗಿರಬೇಕು. ಅರ್ಧ ವರ್ಷ ನಾಟಕ, ಅರ್ಧ ವರ್ಷ ಪೇಂಟಿಂಗ್ ಅಂದರೆ ಆಗಲಿಲ್ಲ. ವಯೊಲಿನ್ ನುಡಿಸುವ ಮಗುವಾದರೆ ಸ್ಕೂಲಿನ ಆರ್ಕೆಸ್ಟ್ರಾ ಸೇರಲಿ, ಇಷ್ಟದ ಕೆಲಸವೂ ಆಯಿತು, ಎಫ್ ಕೂಡ ಮುಗಿಯಿತು.

ಪ್ರತಿ ಹೈಸ್ಕೂಲಿಗೂ ಯುಸಿ ಒಪ್ಪಿದ ಕೋರ್ಸುಗಳ ಪಟ್ಟಿ ಅವರ ಎ-ಜಿ ವೆಬ್‌ಸೈಟಿನಲ್ಲಿ ಸಿಗುತ್ತದೆ, ಸ್ಕೂಲಿನ ಹೆಸರು ಹಾಕಿದರೆ ಸಾಕು. ಒಂದೇ ಹೆಸರಿನ ಕೋರ್ಸ್ ಒಂದು ಸ್ಕೂಲಿನ ಪಟ್ಟಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಕೋರ್ಸ್ ತಗೊಳ್ಳುವ ಮೊದಲು ಅಲ್ಲಿ ನೋಡಿ, ಸ್ಕೂಲು ಕ್ರೆಡಿಟ್ ಕೊಡುತ್ತದೆಯೇ ಅಂತ ಸ್ಕೂಲಿನ ಕೌನ್ಸೆಲರ್ (ಕೋರ್ಸ್ ಆಯ್ಕೆಗೆ ಸಲಹೆ ಕೊಡುವವರು) ಹತ್ತಿರ ಇಮೇಲಿನಲ್ಲಿ ಬರೆಸಿಕೊಳ್ಳಿ. ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜಿನ) ಕ್ಲಾಸಿಗೂ ಇದೇ ಮಾತು. ಯುಸಿ ಲೆಕ್ಕದಲ್ಲಿ ಅಲ್ಲಿಯ ಒಂದು ಸೆಮಿಸ್ಟರ್ ಕೋರ್ಸು ಹೈಸ್ಕೂಲಿನ ಒಂದು ವರ್ಷಕ್ಕೆ ಸಮ. ನಿಮ್ಮ ಸ್ಕೂಲು ಎಷ್ಟು ಕ್ರೆಡಿಟ್ ಕೊಡುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಗಣಿತದಲ್ಲಿ ನಮ್ಮ ಮಕ್ಕಳು ಮುಂದಿರುತ್ತಾರೆ. ಎಂಟರಲ್ಲೇ ಆಲ್ಜಿಬ್ರಾ ಒಂದು ಮುಗಿಸಿದರೆ ಎ-ಜಿಗೆ ಸೇರುತ್ತದೆ. ಆದರೆ ರಾಜ್ಯದ ನಿಯಮ ಹೇಳುವುದು ಒಂಬತ್ತರಿಂದ ಹನ್ನೆರಡರೊಳಗೆ ಎರಡು ಗಣಿತ ಓದಬೇಕು ಅಂತ. ಮಿಡಲ್ ಸ್ಕೂಲಿನದು ಆ ಎರಡರಲ್ಲಿ ಬರುವುದಿಲ್ಲ. ಪಿಇ ವಿಷಯ ಡಿಸ್ಟ್ರಿಕ್ಟಿನಿಂದ ಡಿಸ್ಟ್ರಿಕ್ಟಿಗೆ ತುಂಬಾ ಬದಲಾಗುತ್ತದೆ. ಶಾಲೆಯ ಟೀಮಿನಲ್ಲಿ ಆಡಿದರೆ ಸಾಕೇ ಅಂತ ಕೌನ್ಸೆಲರ್ ಹತ್ತಿರವೇ ಕೇಳಿ.

ಎಪಿ ಎಷ್ಟು ಬೇಕು? ಯುಸಿ ಅರ್ಹತೆಗೆ ನೋಡುವ ಜಿಪಿಎಯಲ್ಲಿ (ಗ್ರೇಡುಗಳ ಸರಾಸರಿಯಲ್ಲಿ) ಹತ್ತು ಮತ್ತು ಹನ್ನೊಂದನೇ ಗ್ರೇಡಿನ ಎ-ಜಿ ಕೋರ್ಸುಗಳು ಬರುತ್ತವೆ, ಎಪಿ ಮತ್ತು ಸಾಮಾನ್ಯಕ್ಕಿಂತ ಕಷ್ಟದ ಆನರ್ಸ್‌ಗೆ ಸಿಗುವ ಹೆಚ್ಚುವರಿ ಪಾಯಿಂಟು ಎಂಟು ಸೆಮಿಸ್ಟರಿಗೆ ಮಾತ್ರ. ಅಂದರೆ ಒಂದೊಂದು ವರ್ಷದ ನಾಲ್ಕು ಕೋರ್ಸು. ಕಷ್ಟದ ಕೋರ್ಸ್ ತಗೊಂಡಿದ್ದಾರಾ ಅಂತಲೂ ನೋಡುತ್ತಾರೆ, ನಿಜ. ಆದರೆ ಹನ್ನೊಂದನೇ ಗ್ರೇಡಿನ ಮಗು ರಾತ್ರಿ ಒಂದು ಗಂಟೆಗೆ ಐದನೇ ಎಪಿಯ ಹೋಂವರ್ಕ್ ಮಾಡುತ್ತಾ ಕೂತಿದ್ದರೆ, ಅದರಲ್ಲಿ ಯಾವುದು ಅವನ ಆಸೆ, ಯಾವುದು ನಮ್ಮದು ಅಂತ ಅಪ್ಪ-ಅಮ್ಮ ಕೇಳಿಕೊಳ್ಳಲೇಬೇಕು. ಆ ನಾಲ್ಕು ಖಾಲಿ ಮನೆಗಳನ್ನು ತುಂಬುವ ಹಕ್ಕು ಮಗುವಿನದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಮರಗೆಲಸವೋ, ಪತ್ರಿಕೋದ್ಯಮವೋ, ಸೈಕಾಲಜಿಯೋ, ಅವರೇ ಆರಿಸಲಿ.

ಕನ್ನಡ ಭಾಷೆ ಇ ಅನ್ನುವ ಜಾಗಕ್ಕೆ ಆಗುತ್ತದೆಯೇ ಅಂತ ಕೇಳುವವರೂ ಇದ್ದಾರೆ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ ಅನ್ನುವುದಷ್ಟೇ ಸಾಲದು. ವಾರಾಂತ್ಯದ ಕನ್ನಡ ತರಗತಿಗೆ ಕ್ರೆಡಿಟ್ ಸಿಗುತ್ತದೆಯೋ ಇಲ್ಲವೋ ಅನ್ನುವುದು ಆ ತರಗತಿಗೆ ಮಾನ್ಯತೆ ಇದೆಯೇ, ನಿಮ್ಮ ಡಿಸ್ಟ್ರಿಕ್ಟ್ ಒಪ್ಪುತ್ತದೆಯೇ ಅನ್ನುವುದರ ಮೇಲಿದೆ. ಒಂಬತ್ತಕ್ಕೆ ಸೇರುವ ಮೊದಲೇ ವಿಚಾರಿಸಿ. ಇನ್ನೊಂದು ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ಆರನೇ ತರಗತಿ ಅಥವಾ ಅದಕ್ಕಿಂತ ಮೇಲೆ ಕನಿಷ್ಠ ಎರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗುವಿಗೆ, ಆ ಶಾಲೆಯ ದಾಖಲೆ ಇದ್ದರೆ, ಯುಸಿ ಅದನ್ನೇ ಭಾಷೆಯ ಅರ್ಹತೆ ಅಂತ ಒಪ್ಪುತ್ತದೆ. ಇಂಗ್ಲಿಷ್ ಮೀಡಿಯಂನಲ್ಲಿ ಕನ್ನಡವನ್ನು ಒಂದು ವಿಷಯವಾಗಿ ಓದಿದವರಿಗೆ ಇದು ಹೊಂದುವುದಿಲ್ಲ. ತುಮಕೂರಿನಿಂದಲೋ ಶಿರಸಿಯಿಂದಲೋ ಎಂಟು ಮುಗಿಸಿ ಬಂದ ಕನ್ನಡ ಮಾಧ್ಯಮದ ಮಗುವಿಗೆ ಎರಡು ವರ್ಷದ ಸ್ಪ್ಯಾನಿಷ್ ಉಳಿಯುತ್ತದೆ, ಇಂಗ್ಲಿಷಿನಲ್ಲಿ ಗಟ್ಟಿಯಾಗಲು ಆ ಪಿರಿಯಡ್ ಸಿಗುತ್ತದೆ. ಗ್ರಾಜುಯೇಷನ್ನಿಗೂ ನಡೆಯುತ್ತದೆಯೇ ಅಂತ ಮಾತ್ರ ಡಿಸ್ಟ್ರಿಕ್ಟಿನಲ್ಲಿ ಕೇಳಬೇಕು.

ಹತ್ತು ಅಥವಾ ಹನ್ನೊಂದಕ್ಕೆ ಊರಿಂದ ಬರುವ ಮಕ್ಕಳ ಅಪ್ಪ-ಅಮ್ಮಂದಿರು ವಿಮಾನ ಹತ್ತುವ ಮೊದಲು ಎಂಟನೇ ತರಗತಿಯಿಂದ ಈಚಿನ ಎಲ್ಲಾ ಮಾರ್ಕ್ಸ್ ಕಾರ್ಡುಗಳನ್ನು ಶಾಲೆಯ ಸೀಲು, ಸಹಿ ಸಮೇತ ತಗೊಳ್ಳಿ. ಪ್ರತಿ ವಿಷಯದ ಸಿಲಬಸ್ಸೂ ಇರಲಿ. "ವಿಜ್ಞಾನ" ಅಂತ ಒಂದೇ ಸಾಲು ಇದ್ದರೆ ಇಲ್ಲಿಯ ಕೌನ್ಸೆಲರ್‌ಗೆ ಅದರಲ್ಲಿ ಬಯಾಲಜಿ ಎಷ್ಟು, ಫಿಸಿಕ್ಸ್ ಎಷ್ಟು ಅಂತ ತಿಳಿಯುವುದಿಲ್ಲ. ಸಿಲಬಸ್ ತೋರಿಸಿದರೆ ಸರಿಯಾದ ಜಾಗಕ್ಕೆ ಕ್ರೆಡಿಟ್ ಹಾಕುವುದು ಅವರಿಗೂ ಸುಲಭ. ಅಮೆರಿಕದ ಇತಿಹಾಸ ಮತ್ತು ಸಿವಿಕ್ಸ್ ಅಲ್ಲಿಂದ ತರಲು ಆಗುವುದಿಲ್ಲ, ಅವೆರಡಕ್ಕೆ ಇಲ್ಲಿ ಜಾಗ ಇಟ್ಟುಕೊಂಡೇ ಉಳಿದದ್ದನ್ನು ಹಂಚಿ.