ಕುರಿ ಯಾರು ನೋಡ್ಕೋತಾರೆ ಆಂಟಿ?

2024ರ ಡಿಸೆಂಬರ್ 21, ಶನಿವಾರ ಸಾಯಂಕಾಲ. ಮಾರನೇ ದಿನ ನಮ್ಮ ಸಂಡೇ ಸ್ಕೂಲ್ ಕ್ರಿಸ್‌ಮಸ್ ಪ್ರೋಗ್ರಾಂ, ಅವತ್ತು ನಾಟಕದ ಕೊನೇ ಪ್ರಾಕ್ಟೀಸು. ಮೈಸೂರಲ್ಲಿ ಚಳಿ ಆಗ್ಲೇ ಕೂತ್ಬಿಟ್ಟಿತ್ತು, ಮರಿಯಳಿಗೆ ನೆಗಡಿ, ಯೋಸೇಫ ಟ್ಯೂಷನ್ನಿಂದ ಇನ್ನೂ ಬಂದಿರ್ಲಿಲ್ಲ, ದೇವದೂತನ ಒಂದು ರೆಕ್ಕೆ ಕಿತ್ಕೊಂಡು ನೇತಾಡ್ತಿತ್ತು, ನಾನು ಬಾಯಲ್ಲಿ ಎರಡು ಪಿನ್ನು ಕಚ್ಕೊಂಡು ಅದನ್ನ ಸರಿ ಮಾಡ್ತಾ ಅಲ್ಲಿಂದಲೇ ಎಲ್ರನ್ನೂ ಗದರ್ತಿದ್ದೆ. ಹನ್ನೊಂದು ವರ್ಷದಿಂದ ಈ ನಾಟಕ ನನ್ನ ತಲೆ ಮೇಲೇ ಇದೆ, ಬೇರೆ ಯಾರಿಗಾದ್ರೂ ಕೊಡಿ ಅಂದ್ರೆ ಎಲ್ರೂ ನಗ್ತಾರೆ ಅಷ್ಟೇ.

ಕುರುಬರ ಪಾರ್ಟು ನಾಲ್ಕು ಹುಡುಗ್ರದ್ದು. ದೇವದೂತ ಬಂದು ಯೇಸು ಹುಟ್ಟಿದ ಸುದ್ದಿ ಹೇಳಿದ್ಮೇಲೆ ಅವ್ರು ಬೇತ್ಲೆಹೇಮಿಗೆ ಹೊರಡ್ಬೇಕು, ಹಿಂದೆ ಮ್ಯೂಸಿಕ್ ಟ್ರ್ಯಾಕು ಎರಡು ನಿಮಿಷ ಹತ್ತು ಸೆಕೆಂಡು, ಅದು ಮುಗಿಯೋ ಹೊತ್ತಿಗೆ ಸರಿಯಾಗಿ ಗೋದಲಿ, ಅಂದ್ರೆ ಮಗುನ ಮಲಗಿಸಿರೋ ಹುಲ್ಲಿನ ತೊಟ್ಟಿ ಮುಂದೆ ಮೊಣಕಾಲೂರ್ಬೇಕು. ನಮ್ಮ ಸ್ಟೇಜು ಇರೋದೇ ಇಪ್ಪತ್ತಡಿ. ಇಪ್ಪತ್ತಡಿನ ಎರಡು ನಿಮಿಷ ನಡೀಬೇಕಂದ್ರೆ ಮದುವೆ ಹೆಣ್ಣು ಥರ ಹೆಜ್ಜೆ ಎಣಿಸ್ಕೊಂಡೇ ಬರ್ಬೇಕು. ನಾನೂ ಅದನ್ನೇ ಹೇಳ್ಕೊಟ್ಟಿದ್ದೆ, ನಿಧಾನ, ನಿಧಾನ, ಮುಖ ಈ ಕಡೆ ಇರ್ಲಿ, ವಿಡಿಯೋದಲ್ಲಿ ಚೆನ್ನಾಗಿ ಬರ್ಬೇಕು ಅಂತ. ಮೂರು ಜನ ಹಾಗೇ ನಡೆದ್ರು. ನಾಲ್ಕನೇಯವ್ನು, ಮೂರನೇ ಕ್ಲಾಸ್ ಹುಡುಗ, ದೇವದೂತ ಬಾಯಿ ಮುಚ್ಚಿದ್ದೇ ತಡ ಒಂದೇ ಉಸಿರಿಗೆ ಓಡಿ ಗೋದಲಿಗೆ ಡಿಕ್ಕಿ ಹೊಡ್ದ, ಹುಲ್ಲೆಲ್ಲ ಕೆಳಗೆ.

"ಯಾಕೋ ಓಡ್ತೀಯ?" ಅಂದೆ.

"ನೀವೇ ಓದಿದ್ರಲ್ಲ ಆಂಟಿ, ಅವಸರದಿಂದ ಬಂದ್ರು ಅಂತ."

ನಿಜ. ಬೈಬಲ್ಲಲ್ಲಿ ಲೂಕ ಬರೆದ ಸುವಾರ್ತೆ, 2ನೇ ಅಧ್ಯಾಯ, 16ನೇ ವಚನ. ಅರ್ಧ ಗಂಟೆ ಮುಂಚೆ ನಾನೇ ಮೈಕಲ್ಲಿ ಓದಿದ್ದು. ಉತ್ತರ ಹೊಳೀಲಿಲ್ಲ, ಅದಕ್ಕೇ "ಹೇಳಿದ್ದಷ್ಟು ಮಾಡು" ಅಂತ ಗದರಿದೆ. ಅವನು ಹೆದ್ರಲಿಲ್ಲ, ವಾಪಸ್ ಜಾಗಕ್ಕೆ ಹೋಗ್ತಾ ಇನ್ನೊಂದು ಬಿಟ್ಟ. "ಎಲ್ರೂ ಹೋಗ್ಬಿಟ್ರೆ ಕುರಿ ಯಾರು ನೋಡ್ಕೋತಾರೆ ಆಂಟಿ?" ಅವನಿಗೆ ಅದು ನಿಜವಾದ ಚಿಂತೆ, ಯಾಕಂದ್ರೆ ನಾಟಕದಲ್ಲಿ ಇದ್ದ ಒಂದೇ ಒಂದು ಕುರಿ ಅವನ ತಂಗಿ, ಯುಕೆಜಿ, ಮೈಗೆಲ್ಲ ಹತ್ತಿ ಅಂಟಿಸ್ಕೊಂಡು ಮೂಲೇಲಿ ಬಿಸ್ಕೆಟ್ ತಿಂತಾ ಕೂತಿದ್ಲು.

ಆ ಪ್ರಶ್ನೆ ಬೇರೆ ಯಾರಿಗಾದ್ರೂ ಜೋಕ್ ಇರ್ಬಹುದು, ನನಗೆ ಕುತ್ತಿಗೆ ಹಿಡ್ಕೊಂಡ ಹಾಗಾಯ್ತು. ನಮ್ಮೂರು ಬನ್ನೂರು ಹತ್ರ. ಬನ್ನೂರು ಕುರಿ ಅಂದ್ರೆ ಗೊತ್ತಲ್ಲ, ಗಿಡ್ಡ ಕಾಲಿಂದು, ಮಾಂಸಕ್ಕೆ ಹೆಸರುವಾಸಿ. ಆದ್ರೆ ನಾನು ಹೇಳ್ತಿರೋದು ಆ ಕುರಿ ಅಲ್ಲ, ಕೊಯ್ಲು ಮುಗಿದ್ಮೇಲೆ ದೂರದೂರಿಂದ ಮಂದೆ ಹೊಡ್ಕೊಂಡು ಬರೋರ್ದು. ನಮ್ಮಪ್ಪ ಗದ್ದೆಗೆ ಗೊಬ್ಬರ ಆಗ್ಲಿ ಅಂತ ಎರಡು ರಾತ್ರಿ ಮಂದೆ ನಿಲ್ಲಿಸ್ಕೊಳ್ಳೋರು, ಅದಕ್ಕೆ ಅಷ್ಟೋ ಇಷ್ಟೋ ಭತ್ತ, ರಾಗಿ, ದುಡ್ಡು ಕೊಡೋರು. ಚಿಕ್ಕೋಳಿದ್ದಾಗ ಅಪ್ಪನ ಜೊತೆ ರಾತ್ರಿ ಅವ್ರಿಗೆ ಮುದ್ದೆ ಸಾರು ಕೊಡಕ್ಕೆ ಹೋಗ್ತಿದ್ದೆ. ಸುತ್ತ ಬಲೆ ಕಟ್ಟಿರ್ತಿತ್ತು, ನಾಯಿಗಳು, ಕಪ್ಪು ಕಂಬಳಿ ಹೊದ್ದು ಕೂತಿರೋ ಎರಡು ಮೂರು ಜನ. ಮಾತಾಡ್ತಾ ಇದ್ರೂ ಕಣ್ಣು ಮಾತ್ರ ನಮ್ಮ ಮೇಲೆ ಇರ್ತಿರ್ಲಿಲ್ಲ, ಮಂದೆ ಮೇಲೇನೇ. ತೋಳಕ್ಕಿಂತ ಕಳ್ಳರ ಭಯ ಜಾಸ್ತಿ ಅನ್ನೋರು. ಅಂಥವ್ರು, ಅದೂ ರಾತ್ರಿ ಹೊತ್ತಲ್ಲಿ, ಮಂದೆ ಬಿಟ್ಟು ಊರೊಳಗೆ ಒಂದು ಮಗು ನೋಡಕ್ಕೆ ಹೋದ್ರು ಅಂದ್ರೆ ಅದೇನು ಸಣ್ಣ ವಿಷ್ಯ ಅಲ್ಲ. ಲೂಕ ಕುರಿಗಳ ಗತಿ ಏನಾಯ್ತು ಅಂತ ಬರ್ದೇ ಇಲ್ಲ. ಈಗ್ಲೇ ಹೋಗೋಣ ಅಂದ್ರು, ಹೋದ್ರು, ಅಷ್ಟೇ.

ಕಂಬಳಿ ಅಂದ್ನಲ್ಲ, ವಿಷ್ಯ ಇರೋದೇ ಅಲ್ಲಿ.

ನವೆಂಬರ್ 14, ಮಕ್ಕಳ ದಿನಾಚರಣೆ ದಿವ್ಸ, ನನಗೊಂದು ವಾಯ್ಸ್ ಮೆಸೇಜ್ ಬಂದಿತ್ತು. ಹದಿನೇಳು ಸೆಕೆಂಡು. ನನಗೆ ಸಂಡೇ ಸ್ಕೂಲಲ್ಲಿ ಪಾಠ ಮಾಡಿದ ಟೀಚರ್‌ದು. ಈಗ 78 ವರ್ಷ. ದಸರಾ ಟೈಮಲ್ಲಿ ಬಾತ್‌ರೂಮಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ, ರಿಂಗ್ ರೋಡ್ ದಾಟಿ ಬೋಗಾದಿ ಕಡೆ ತಮ್ಮನ ಮಗನ ಮನೇಲಿದ್ರು. "ಪುಟ್ಟಿ, ನಾಟಕದ ಕಂಬಳಿ ಟ್ರಂಕು ನನ್ನ ಹತ್ರಾನೇ ಉಳ್ಕೊಂಡಿದೆ ಕಣೇ, ಒಂದ್ಸಲ ಬಂದು ತಗೊಂಡ್ ಹೋಗು" ಅಷ್ಟೇ ಇದ್ದಿದ್ದು. ಆ ಕಂಬಳಿಗಳನ್ನ ಅವ್ರು ಯಾವಾಗ್ಲೋ ಚಳ್ಳಕೆರೆ ಕಡೆಯಿಂದ ತರಿಸಿದ್ದು, ನಾನು ಹುಡುಗಿಯಾಗಿದ್ದಾಗ ಗಂಡು ಮಕ್ಕಳು ಕಮ್ಮಿ ಅಂತ ಕುರುಬನ ಪಾರ್ಟ್ ಮಾಡಿದ್ದೂ ಅದೇ ಕಂಬಳಿ ಹೊದ್ಕೊಂಡು, ಕುತ್ತಿಗೆಯೆಲ್ಲ ಕೆರ್ಕೊಂಡು. ನಾನು ತಕ್ಷಣ ರಿಪ್ಲೈ ಮಾಡ್ದೆ, "ಓಕೆ ಟೀಚರ್, ಈ ವಾರ ಬರ್ತೀನಿ" ಅಂತ, ಕೈ ಮುಗಿಯೋ ಚಿತ್ರ ಬೇರೆ ಎರಡು.

ರಿಪ್ಲೈ ಬೇಗ ಮಾಡ್ಬಿಟ್ರೆ ಕೆಲಸ ಆಗೋಯ್ತು ಅನ್ಸುತ್ತೆ ನೋಡಿ, ಅದೇ ದೊಡ್ಡ ಮೋಸ. ಆ ವಾರ ಆಗ್ಲಿಲ್ಲ. ಮುಂದಿನ ವಾರ ಮಗಳ ಟೆಸ್ಟು. ಡಿಸೆಂಬರ್ 1ಕ್ಕೆ ಕ್ರಿಸ್‌ಮಸ್‌ಗೆ ತಯಾರಾಗೋ ಆಗಮನ ಕಾಲದ ಮೊದಲ್ನೇ ಭಾನುವಾರ, ಆಮೇಲೆ ಕ್ಯಾರಲ್ಸ್ ರೌಂಡು, ಸ್ಟಾರ್ ಕಟ್ಟೋದು, ಕೇಕಿಗೆ ಹಣ್ಣು ನೆನೆಹಾಕೋದು, ಆಫೀಸಲ್ಲಿ ವರ್ಷದ ಕೊನೇ ಲೆಕ್ಕ. ಎಲ್ಲಾ ದೇವರ ಕೆಲಸವೇ ಅಲ್ವಾ ಅಂತ ಸಮಾಧಾನ ಬೇರೆ. ಕೊನೆಗೆ ಕಂಬಳಿ ಬದ್ಲು ಬಾಡಿಗೆ ಅಂಗಡಿಯಿಂದ ಸ್ಯಾಟಿನ್ ನಿಲುವಂಗಿ ತಂದೆ, ಒಂದಕ್ಕೆ 200 ರೂಪಾಯಿ. ಮಿರಮಿರ ಮಿಂಚೋ ನೀಲಿ ಬಟ್ಟೆ ಹಾಕ್ಕೊಂಡು ಯಾವ ಕುರುಬ ಕುರಿ ಕಾಯ್ತಾನೋ ದೇವರೇ ಬಲ್ಲ.

ಶನಿವಾರ ಪ್ರಾಕ್ಟೀಸ್ ಮುಗಿಸಿ ಮನೆಗೆ ಬಂದು ಪಾತ್ರೆ ತೊಳೀತಿದ್ದಾಗ ಆ ಹುಡುಗನ ಮಾತು ತಲೇಲಿ ತಿರುಗ್ತಾನೇ ಇತ್ತು. ಅವಸರದಿಂದ. ಹಂಗೇ ಟೀಚರ್ ನೆನಪಾದ್ರು. ಅವ್ರು ಬೈಬಲ್ಲಿನ ಸಮುವೇಲನ ಕಥೆ ಹೇಳ್ತಿದ್ದಿದ್ದು ಫ್ಲಾನೆಲ್ ಬೋರ್ಡ್ ಮೇಲೆ, ಬಟ್ಟೆ ಬೋರ್ಡಿಗೆ ಪೇಪರ್ ಗೊಂಬೆ ಅಂಟಿಸಿ. ಹಾಸಿಗೆ ಮೇಲೆ ಪುಟ್ಟ ಸಮುವೇಲ, ಈ ಕಡೆ ದೇವಾಲಯದ ಮುದುಕ ಯಾಜಕ ಏಲಿ, ಕಣ್ಣು ಮಂಜು. ರಾತ್ರಿ ಯಾರೋ ಕರೀತಾರೆ, ಹುಡುಗ ಎದ್ದು ಏಲಿ ಹತ್ರ ಓಡ್ತಾನೆ, ನಾನು ಕರೀಲಿಲ್ಲ ಹೋಗಿ ಮಲ್ಕೋ ಅಂತಾನೆ. ಮತ್ತೆ ಕರೀತಾರೆ, ಮತ್ತೆ ಹೋಗ್ತಾನೆ. ಮೂರು ಸಲ. ಟೀಚರ್ ಆ ಗೊಂಬೆನ ಬೋರ್ಡಿನ ಆ ತುದಿಗೂ ಈ ತುದಿಗೂ ಓಡ್ಸಿ ಓಡ್ಸಿ ಅದರ ಕಾಲೇ ಸವೆದು ಹೋಗಿತ್ತು. ಮಕ್ಕಳಾಗಿದ್ದಾಗ ನಮಗೆ ಅದು ತಮಾಷೆ, ಪಾಪ ಹುಡುಗ ತಪ್ಪು ಅಡ್ರೆಸ್ಸಿಗೆ ಹೋಗ್ತಾನಲ್ಲ ಅಂತ.

ಸಿಂಕ್ ಮುಂದೆ ನಿಂತು ಯೋಚ್ನೆ ಮಾಡ್ದಾಗ ಅನ್ಸಿದ್ದು, ತಪ್ಪು ಅಡ್ರೆಸ್ಸು ಏನಲ್ಲ ಅದು. ಕರೆದಿದ್ದು ದೇವರು ಅಂತ ಸಮುವೇಲನಿಗೆ ಗೊತ್ತೇ ಇರ್ಲಿಲ್ಲ. ಒಬ್ಬ ಮುದುಕ ರಾತ್ರಿ ಕರೀತಿದ್ದಾನೆ, ನೀರು ಬೇಕೇನೋ, ಎದ್ದು ಹೋಗ್ಬೇಕು, ಅಷ್ಟೇ ಅವನ ತಲೇಲಿ ಇದ್ದಿದ್ದು. ಮೊದ್ಲು ಕಾಲು ಓಡ್ತು, ಅರ್ಥ ಆಗಿದ್ದು ಆಮೇಲೆ. ನಾವು ಉಲ್ಟಾ. ದೇವರ ಕರೆ ಅಂದ್ರೆ ಏನೋ ದೊಡ್ಡದು, ಕೆಲಸ ಬಿಟ್ಟು ಸೇವೆಗೆ ಹೋಗೋದು, ಕ್ಯಾಂಪಲ್ಲಿ ಕೈ ಎತ್ತಿ ನಿಲ್ಲೋದು, ಹಂಗಂದ್ಕೊಂಡಿರ್ತೀವಿ. ಕ್ರಿಸ್‌ಮಸ್ ಬಂದ್ರೆ ಸಾಕು ದೇವರ ಮಿಸ್ಡ್ ಕಾಲ್ ಅನ್ನೋ ಜೋಕಂತೂ ಯಾವ್ದಾದ್ರೂ ಒಂದು ಪ್ರಸಂಗದಲ್ಲಿ ಬಂದೇ ಬರುತ್ತೆ, ನಾವೂ ಹೊಸದಾಗಿ ಕೇಳಿದ ಹಾಗೆ ನಗ್ತೀವಿ. ನನ್ನ ಫೋನಲ್ಲಿ 37 ದಿನದಿಂದ ಇದ್ದಿದ್ದು ಮಿಸ್ಡ್ ಕಾಲೂ ಅಲ್ಲ, ಕೇಳಿ, ಉತ್ತರ ಕೊಟ್ಟು, ಮರೆತಿದ್ದು. ಯೇಸು ಹುಟ್ಟಿದಾಗ ಹೆರೋದ ರಾಜನ ಅರಮನೇಲಿದ್ದ ಮಹಾಯಾಜಕರು, ಶಾಸ್ತ್ರಿಗಳು ಇದ್ರಲ್ಲ, ಕ್ರಿಸ್ತ ಹುಟ್ಟೋದು ಎಲ್ಲಿ ಅಂದ್ರೆ ಟಕ್ ಅಂತ ಬೇತ್ಲೆಹೇಮು ಅಂದ್ರು, ಮೀಕ ಪ್ರವಾದಿ ಬರ್ದಿದ್ದಾನೆ ಅಂತ ವಚನಾನೂ ಹೇಳಿದ್ರು. ಯೆರೂಸಲೇಮಿಂದ ಅಲ್ಲಿಗೆ ಹೆಚ್ಚು ಕಮ್ಮಿ 9 ಕಿಲೋಮೀಟರು. ಅವ್ರಲ್ಲಿ ಒಬ್ರಾದ್ರೂ ಎದ್ದು ಹೋದ್ರು ಅಂತ ಮತ್ತಾಯ ಬರ್ದಿಲ್ಲ. ಎಲ್ಲಿಂದಲೋ ಬಂದ ಮೂಡಣ ದೇಶದ ಜೋಯಿಸರು ಹೋದ್ರು. ಟೀಚರ್ ಮನೆ ಎಷ್ಟು ದೂರ ಅಂತ ಕೈ ಒರೆಸ್ಕೊಂಡು ಮ್ಯಾಪಲ್ಲಿ ನೋಡ್ದೆ. 8 ಕಿಲೋಮೀಟರ್ ಚಿಲ್ಲರೆ.

ಎಂಟೂವರೆ ಆಗಿತ್ತು. "ಬೋಗಾದಿಗೆ ಹೋಗ್ಬರೋಣ ಬನ್ನಿ" ಅಂದೆ. ನಮ್ಮನೆಯವ್ರು ಟಿವಿಯಿಂದ ಮುಖ ತಿರುಗಿಸಿ "ಈಗಾ? ನಾಳೆ ಪ್ರೋಗ್ರಾಂ ಮುಗೀಲಿ, ಸೋಮವಾರ ಆರಾಮಾಗಿ ಹೋಗೋಣ" ಅಂದ್ರು. ಅವ್ರ ಮಾತಲ್ಲಿ ತಪ್ಪೇನೂ ಇರ್ಲಿಲ್ಲ, ಅದಕ್ಕೇ ಸಿಟ್ಟು ಬಂತು, ಯಾಕಂದ್ರೆ 37 ದಿನದಿಂದ ನಾನೂ ನನಗೆ ಅದನ್ನೇ ಹೇಳ್ಕೊಂಡಿದ್ದೆ. ಕೀ ತಗೊಂಡು ನಾನೇ ಸ್ಕೂಟರ್ ಸ್ಟಾರ್ಟ್ ಮಾಡ್ದೆ. ಗೇಟ್ ದಾಟೋಷ್ಟರಲ್ಲಿ ಸ್ವೆಟರ್ ಹಾಕ್ಕೋತಾ ಹಿಂದೆ ಬಂದು ಕೂತ್ರು. ದಾರಿಯುದ್ದಕ್ಕೂ ಒಂದು ಮಾತಾಡ್ಲಿಲ್ಲ. ಮರಿಯಳ ಗಂಡ ಯೋಸೇಫನೂ ಸುವಾರ್ತೆಲಿ ಒಂದೂ ಮಾತಾಡಲ್ಲ, ರಾತ್ರೋರಾತ್ರಿ ಎದ್ದು ಹೊರಡ್ತಾನೆ ಅಷ್ಟೇ, ಆದ್ರೆ ಅವನು ಹೀಗೆ ಉಸ್ ಉಸ್ ಅಂತಿದ್ನೋ ಇಲ್ವೋ ಗೊತ್ತಿಲ್ಲ.

ಬಾಗಿಲು ತೆಗೆದಿದ್ದು ಅವ್ರ ತಮ್ಮನ ಸೊಸೆ. ನಮ್ಮನ್ನ ಮೇಲಿಂದ ಕೆಳಗೆ ನೋಡಿ "ಓ, ನೀವೇನಾ ಟ್ರಂಕ್ ಮೇಡಂ?" ಅಂದ್ಲು. "ಸ್ಕೂಟರ್ ಸದ್ದಾದಾಗೆಲ್ಲ ನೀವು ಬಂದ್ರಿ ಅಂತಾರೆ, ಒಂದು ತಿಂಗಳಿಂದ ನಮಗೆ ಇದೇ ಆಗಿದೆ." ಬೇಜಾರಲ್ಲಿ ಹೇಳಿದ್ದಲ್ಲ, ಸುಮ್ನೆ ಹೇಳಿದ್ದು. ಅದಕ್ಕೇ ಇನ್ನೂ ಚುಚ್ತು.

ಟೀಚರ್ ಮಲಗಿರ್ಲಿಲ್ಲ. ಮಂಚದ ಮೇಲೆ ಕೂತಿದ್ರು, ಪಕ್ಕದಲ್ಲಿ ವಾಕರ್, ತುಂಬಾ ಇಳಿದು ಹೋಗಿದ್ರು. ಒಂದು ಕಣ್ಣಿಗೆ ಪೊರೆ, ನಾನು ಹತ್ರ ಹೋಗಿ ಮಾತಾಡೋ ತನಕ ಯಾರು ಅಂತ ಗೊತ್ತಾಗ್ಲಿಲ್ಲ. ಏಲಿ ನೆನಪಾಯ್ತು, ಬೇಡ ಅಂದ್ರೂ. ಮಂಚದ ಕೆಳಗಿಂದ ಟ್ರಂಕ್ ಎಳೆದೆ. ನುಸಿಗುಳಿಗೆ ವಾಸ್ನೆ. ಒಳಗೆ ನಾಲ್ಕು ಇರ್ಬೇಕಿದ್ದ ಕಂಬಳಿ ಎರಡೇ ಇತ್ತು. ಹರಿದಿದ್ದ ಅಂಚಿಗೆ ಕೆಂಪು ನೂಲಲ್ಲಿ ಹೊಲಿಗೆ, ವಂಕ ವಂಕ, ಒಂದೊಂದು ಕಡೆ ಅರ್ಧ ಇಂಚು ಉದ್ದದ ಹೊಲಿಗೆ. ಆ ಕಣ್ಣಲ್ಲಿ ಸೂಜಿಗೆ ದಾರ ಹೇಗೆ ಪೋಣಿಸಿದ್ರೋ.

"ಇನ್ನೆರಡು?" ಅಂದೆ.

"ವಾಚ್‌ಮ್ಯಾನ್‌ಗೆ ಕೊಟ್ಬಿಟ್ಲು ಇವ್ಳು," ಅಂದ್ರು ಟೀಚರ್. "ಹೋದ್ವಾರ ಚಳಿ ಜಾಸ್ತಿ ಆಯ್ತಲ್ಲ. ಯಾರೂ ಬರಲ್ಲ, ಇಟ್ಕೊಂಡು ಏನ್ಮಾಡ್ತೀರಾ ಅಂದ್ಲು." ಸ್ವಲ್ಪ ಹೊತ್ತು ಬಿಟ್ಟು ನಕ್ಕರು. "ಹೋಗ್ಲಿ ಬಿಡೇ, ರಾತ್ರಿ ಕಾಯೋನಿಗೇ ಹೋಯ್ತಲ್ಲ."

ಅವ್ರು ನನಗೆ ಬೈಬೇಕಿತ್ತು, ಬೈಲಿಲ್ಲ. ಕಾಫಿ ಕುಡ್ದು ಎದ್ದಾಗ ಮಾತ್ರ ಸೀರೆ ಸೆರಗು ಸರಿ ಮಾಡ್ಕೋತಾ, ನನ್ನ ಮುಖ ನೋಡದೆ, "ಆಸ್ಪತ್ರೆಯಿಂದ ಬಂದ್ಮೇಲೆ ಕರ್ತನ ಭೋಜನ ತಗೊಂಡಿಲ್ಲ ಪುಟ್ಟಿ. ಇವ್ರಿಗೆಲ್ಲ ಕೆಲಸ. ನೀನು ಟ್ರಂಕಿಗೆ ಬಂದ್ರೆ ಹಾಗೇ ಕೇಳೋಣ ಅಂದ್ಕೊಂಡಿದ್ದೆ" ಅಂದ್ರು. ಟ್ರಂಕು ನೆಪ, ಬೇಕಾಗಿದ್ದು ಚರ್ಚಲ್ಲಿ ಕೊಡೋ ಆ ರೊಟ್ಟಿ, ದ್ರಾಕ್ಷಾರಸ. ನಾನು ಬಾಡಿಗೆ ನಿಲುವಂಗಿ ತಂದು ಪ್ರಾಬ್ಲಂ ಸಾಲ್ವ್ ಆಯ್ತು ಅಂದ್ಕೊಂಡಿದ್ನಲ್ಲ. ಹಾಲಲ್ಲಿ ಕೂತಿದ್ದ ನಮ್ಮನೆಯವ್ರಿಗೆ ಇದು ಕೇಳಿಸ್ತೇನೋ, ಗೇಟ್ ಹತ್ರ ಬಂದಾಗ "ನಾಳೆ ಮೂರು ಗಂಟೆಗೆ ಕಾರ್ ತರ್ತೀನಿ ಅಂತ ಹೇಳ್ಬಿಟ್ಟೆ, ಇಪ್ಪತ್ತೈದಕ್ಕೆ ಬೆಳಿಗ್ಗೆ ಆರಾಧನೆಗೂ" ಅಂದ್ರು. ಕಾರು ಅವ್ರ ಫ್ರೆಂಡ್‌ದು, ಇನ್ನೂ ಕೇಳೇ ಇರ್ಲಿಲ್ಲ.

ಭಾನುವಾರ ಟೀಚರ್ ಮೊದಲ್ನೇ ಸಾಲಲ್ಲಿ, ವಾಕರ್ ಅಡ್ಡ ಇಟ್ಕೊಂಡು ಕೂತಿದ್ರು. ನಾಟಕ ಶುರುವಾಗೋ ಮುಂಚೆ ಕರ್ಟನ್ ಹಿಂದೆ ನಾಲ್ಕೂ ಹುಡುಗ್ರನ್ನ ಕರ್ದು "ಓಡ್ರೋ" ಅಂದೆ. ಇಬ್ರು ಕಂಬಳಿ, ಇಬ್ರು ನೀಲಿ ಸ್ಯಾಟಿನ್. ದೇವದೂತ ಮಾತು ಮುಗಿಸಿದ್ಲು, ಟ್ರ್ಯಾಕ್ ಶುರುವಾಯ್ತು, ನಾಲ್ಕೂ ಜನ ಬಿದ್ದೆನೋ ಎದ್ದೆನೋ ಅಂತ ಓಡಿದ್ರು. ಎಂಟು ಸೆಕೆಂಡಲ್ಲಿ ಬೇತ್ಲೆಹೇಮು ಬಂದ್ಬಿಡ್ತು. ಇನ್ನೆರಡು ನಿಮಿಷ ಮ್ಯೂಸಿಕ್ ಹಂಗೇ ಹೋಗ್ತಾ ಇತ್ತು, ಮಾಡಕ್ಕೆ ಏನೂ ಇಲ್ಲ, ಮೊಣಕಾಲೂರಿ ಕೂತಿದ್ರು, ಕಂಬಳಿ ಹೊದ್ದೋರು ಕುತ್ತಿಗೆ ಕೆರ್ಕೊಳ್ಳಕ್ಕೆ ಶುರು ಮಾಡಿದ್ರು. ಲೈಟ್ ಹಾಕೋ ಹುಡುಗ ಗಾಬರಿಯಾಗಿ ಫೋಕಸ್ ತಗೊಂಡು ಹೋಗಿ ಸ್ಟೇಜಿನ ಆ ತುದಿಗೆ ಬಿಟ್ಟ. ಅಲ್ಲಿ ಕುರಿ ಒಂದೇ ಕೂತಿತ್ತು. ಅತ್ತ ಇತ್ತ ನೋಡ್ತು. ಒಂಚೂರು ಹತ್ತಿ ಕಿತ್ತು ನೋಡ್ತು. ಆಮೇಲೆ ಇಡೀ ಹಾಲಿಗೆ ಕೇಳೋ ಹಾಗೆ, "ಅಣ್ಣಾ, ನಾನೂ ಬರ್ಲಾ?"

ಜನ ಎಲ್ಲ ಗೊಳ್ ಅಂತ ನಕ್ಕರು, ಟೀಚರ್ ವಾಕರ್ ಹಿಡ್ಕೊಂಡು ನಗ್ತಾ ನಗ್ತಾ ಕಣ್ಣು ಒರೆಸ್ಕೋತಿದ್ರು. ಅಣ್ಣ ಏನೋ ಹೇಳೋಕೆ ಬಾಯಿ ತೆಗೆಯೋಷ್ಟರಲ್ಲಿ ಅವಳು ಹೊರಟೇ ಬಿಟ್ಟಿದ್ಲು, ನಾಲ್ಕು ಕಾಲಲ್ಲೇ, ಗೋದಲಿ ತನಕ ಹತ್ತಿ ಉದುರಿಸ್ಕೊಂಡು.