ವಿರಾಜಪೇಟೆಯಿಂದ ಕೊಚ್ಚಿ, ಕೊಚ್ಚಿಯಿಂದ ಹಡಗು: ನಡುವೆ ಒಂದು ರಾತ್ರಿ ಇರಲಿ

ಕೊಡಗಿನಿಂದ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಲಕ್ಷದ್ವೀಪದ ಕಡಲ ಯಾನಕ್ಕೆ ಹೊರಡುವವರು ಹಡಗಿನ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಹಡಗಿನವರೆಗಿನ ದಾರಿಯ ಬಗ್ಗೆ ಯೋಚಿಸುವುದು ಮಾತ್ರ ಹಿಂದಿನ ರಾತ್ರಿ. ಯಾನ ಕೆಡುವುದು ಹೆಚ್ಚಾಗಿ ಅಲ್ಲೇ. ಹಡಗು ಹೊರಡಬೇಕೆಂದರೆ ದಾರಿ ತೋರುವ ಬಂದರಿನ ಪೈಲಟ್ ಬರಬೇಕು, ದಕ್ಕೆ (ಹಡಗುಕಟ್ಟೆ) ಖಾಲಿ ಮಾಡಿಕೊಡಬೇಕು. ಆ ಗಳಿಗೆ ತಪ್ಪಿಸಿ ಯಾರಿಗೂ ಕಾಯುವುದಿಲ್ಲ. ದಾರಿಯ ಮಾಕುಟ್ಟ ಘಟ್ಟದಲ್ಲಿ ಅಡ್ಡ ಬಿದ್ದ ಒಂದು ಮರ ತೆಗೆಯಲು ಎರಡು ಗಂಟೆ ಹಿಡಿದರೆ ಐದು ದಿನದ ಯಾನದ ದುಡ್ಡು ಹೋಯಿತು. ಹಾಗಾಗಿ ಉಳಿದದ್ದೆಲ್ಲ ಹೇಗಾದರೂ ಇರಲಿ, ಘಟ್ಟ ಇಳಿಯುವ ದಿನ ಮತ್ತು ಹಡಗು ಹತ್ತುವ ದಿನ ಒಂದೇ ಆಗಬಾರದು.

ಮೊದಲು ಯಾವಾಗ ಹೋಗುವುದು ಎಂಬ ಮಾತು. ತೋಟ ಇದ್ದವರಿಗೆ ಇದನ್ನು ಕ್ಯಾಲೆಂಡರ್ ಅಲ್ಲ, ಕಾಫಿ ಹೇಳುತ್ತದೆ. ತುಲಾ ಸಂಕ್ರಮಣ ಕಳೆದು ಸುಗ್ಗಿಯ ಹಬ್ಬ ಪುತ್ತರಿವರೆಗೆ ಒಂದು ಬಿಡುವು ಇದೆ. ಆದರೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತದ ಕಾಲವೂ ಅದೇ. 2017ರ ಓಖಿ ಲಕ್ಷದ್ವೀಪಕ್ಕೆ ಬಡಿದದ್ದು ಡಿಸೆಂಬರ್ ಮೊದಲ ವಾರದಲ್ಲಿ. ಜನವರಿಯಿಂದ ಮಾರ್ಚ್ ಸಮುದ್ರ ಅತಿ ಶಾಂತ. ಆದರೆ ಆಗ ರೋಬಸ್ಟಾ ಕೊಯ್ಲು, ಕಣದಲ್ಲಿ ಕಾಫಿ ಹರಡಿದೆ, ಆಮೇಲೆ ಸ್ಪ್ರಿಂಕ್ಲರ್ ಹೊರುವ ಕೆಲಸ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು, ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆಯೂ ಸಿಕ್ಕಿ, ಮಕ್ಕಳಿಗೆ ರಜೆ ಬಂದಿರುವ ಏಪ್ರಿಲ್ ಕೊನೆಯ ಎರಡು ವಾರವೇ ನಮ್ಮವರಿಗೆ ಸರಿ. ಕರಾವಳಿಯಲ್ಲಿ ಸೆಕೆ ಇರುತ್ತದೆ, ಬೆವರು ಹರಿಯುತ್ತದೆ, ಅದನ್ನು ಸಹಿಸಬೇಕು. ಮೇ ಎರಡನೇ ವಾರಕ್ಕೆ ತಳ್ಳಬೇಡಿ. 2021ರ ತೌಕ್ತೆ ಎದ್ದದ್ದು ಮೇ ಮಧ್ಯದಲ್ಲಿ. ಲಕ್ಷದ್ವೀಪದ ಪ್ರವಾಸಿ ಯಾನಗಳೂ ಹೆಚ್ಚುಕಡಿಮೆ ಆ ಹೊತ್ತಿಗೆ ನಿಂತು ಮಳೆಗಾಲ ಮುಗಿದ ಮೇಲೆಯೇ ಶುರುವಾಗುತ್ತವೆ.

ದಾರಿ: ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ, ತಲಶ್ಶೇರಿ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ದಕ್ಷಿಣಕ್ಕೆ. ವಿರಾಜಪೇಟೆಯಿಂದ ಕೊಚ್ಚಿಗೆ ಸುಮಾರು 330 ಕಿ.ಮೀ. ಮ್ಯಾಪ್ ಎಷ್ಟೇ ಹೇಳಲಿ, ಅಜ್ಜಿ, ಮಕ್ಕಳು, ಊಟ, ಕಾಫಿ ಸೇರಿದರೆ 9ರಿಂದ 10 ಗಂಟೆ ಲೆಕ್ಕ ಹಾಕಿ. 2024ರ ಮಾರ್ಚ್‌ನಲ್ಲಿ ತಲಶ್ಶೇರಿ–ಮಾಹೆ ಬೈಪಾಸ್ ತೆರೆದ ಮೇಲೆ ಆ ಎರಡು ಪೇಟೆಗಳ ನೂಕುನುಗ್ಗಲು ತಪ್ಪಿತು. ಮುಳಪ್ಪಿಲಂಗಾಡ್‌ನಿಂದ ಅಳಿಯೂರಿನವರೆಗೆ 18.6 ಕಿ.ಮೀ. ಆದರೆ ಬೈಪಾಸ್ ಹಿಡಿದರೆ ಮಾಹೆ ಪೇಟೆಯ ಪೆಟ್ರೋಲ್ ಬಂಕ್‌ಗಳು ಕೈತಪ್ಪುತ್ತವೆ. ಮಾಹೆ ಪುದುಚೇರಿಗೆ ಸೇರಿದ್ದರಿಂದ ಅಲ್ಲಿ ಇಂಧನ ಕೇರಳಕ್ಕಿಂತ ಅಗ್ಗ. ಕೋಯಿಕ್ಕೋಡ್ ನಗರದೊಳಗೆ ಹೋಗಬೇಡಿ; ವೆಂಗಳಂನಿಂದ ರಾಮನಾಟುಕರಕ್ಕೆ 28 ಕಿ.ಮೀ. ಬೈಪಾಸ್ ಇದೆ. ಅಲ್ಲಿಂದ ಮುಂದೆ ಷಟ್ಪಥದ ಕೆಲಸದ ಕಾರಣ ಸರ್ವಿಸ್ ರಸ್ತೆಗೆ ಇಳಿಸುವ ಜಾಗಗಳು ಬರಬಹುದು. 2025ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ ಎತ್ತರಿಸಿ ಕಟ್ಟುತ್ತಿದ್ದ ಹೆದ್ದಾರಿಯೇ ಕುಸಿದು ಕೂತಿತ್ತು. ಹೊರಡುವ ಹಿಂದಿನ ದಿನ ಆ ಭಾಗದ ಸುದ್ದಿ ನೋಡಿಕೊಳ್ಳಿ.

ಮಡಿಕೇರಿ, ಸುಂಟಿಕೊಪ್ಪ ಕಡೆಯವರು ಸಂಪಾಜೆ ಇಳಿದು ಮಂಗಳೂರಿಗೆ ಹೋಗಿ ಅಲ್ಲಿಂದ ಕೆಳಗೆ ಬರೋಣ ಎನ್ನುತ್ತಾರೆ. ಕೊಚ್ಚಿಗೆ ಹೋಗುವವರಿಗೆ ಅದು ದೊಡ್ಡ ಸುತ್ತು. ಎರಡೇ ದಿನದ ಬಿಡುವು ಇದ್ದರೆ ಆ ದಾರಿ ಒಳ್ಳೆಯದು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಸುಮಾರು 8.8 ಕೋಟಿ ವರ್ಷ ಹಿಂದೆ ಲಾವಾ ತಣಿದು ಕಂಬಕಂಬವಾಗಿ ಸೀಳಿಕೊಂಡ ಬಂಡೆ ನೋಡಿ ಬರಬಹುದು. ಮನೆಯವರಿಗೆ ಕಡಲು ಆಗಿಬರುತ್ತದೋ ಇಲ್ಲವೋ ಎಂಬುದೂ ಅರ್ಧ ದಿನದಲ್ಲಿ ತಿಳಿಯುತ್ತದೆ.

ಘಟ್ಟ ಇಳಿಯುವ ವಿಷಯ. ಕೊಡಗಿನವರಿಗೆ ತಿರುವು ಹೊಸದಲ್ಲ, ಅದಕ್ಕೇ ಉದಾಸೀನ. ತುಂಬಿದ ಕಾರಿನಲ್ಲಿ ಏಳು ಜನ, ಮೇಲೆ ಲಗೇಜು. ವಿರಾಜಪೇಟೆ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಷ್ಟನ್ನೂ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡಿಸ್ಕ್ ಕಾಯುತ್ತದೆ. ಬ್ರೇಕ್ ದ್ರವ ಗಾಳಿಯ ತೇವ ಹೀರುವ ವಸ್ತು. ನಮ್ಮ ಮಳೆಗಾಲಗಳನ್ನು ಕಂಡ ಹಳೆಯ ದ್ರವದಲ್ಲಿ ನೀರು ಇದ್ದೇ ಇರುತ್ತದೆ. ಆ ನೀರು ಕಾದು ಆವಿಯಾದರೆ ಪೆಡಲ್ ಒತ್ತಿದಾಗ ಆವಿ ಕುಗ್ಗುತ್ತದೆ, ಚಕ್ರಕ್ಕೆ ಒತ್ತಡ ತಲುಪುವುದಿಲ್ಲ. ಕಾಲು ಸುಮ್ಮನೆ ಒಳಗೆ ಹೋಗುತ್ತದೆ. ಎರಡು ವರ್ಷವಾಗಿದ್ದರೆ ಹೊರಡುವ ವಾರದಲ್ಲೇ ದ್ರವ ಬದಲಿಸಿ. ಇಳಿಯುವಾಗ ಎರಡನೇ ಗೇರ್. ಆಟೊಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡ್‌ಗೆ ಹಾಕಿ ಎರಡರಲ್ಲೇ ಹಿಡಿದಿಡಿ. ಬ್ರೇಕ್ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಸವರಿಕೊಂಡು ಇಳಿಯಬೇಡಿ. ಸುಟ್ಟ ವಾಸನೆ ಬಂದರೆ ಅಗಲ ಇರುವಲ್ಲಿ ನಿಲ್ಲಿಸಿ, ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ. ಕಾದ ಡಿಸ್ಕ್‌ಗೆ ನೀರು ಹೊಯ್ದರೆ ಅದು ಡೊಂಕಾಗಬಹುದು. ಗುಡ್ಡದ ಬರೆ ಜರಿದ ಗುರುತಿರುವಲ್ಲಿ, ನೆರಳೆಂದು ಕೂಡ, ನಿಲ್ಲಿಸಬೇಡಿ. ಮಾಕುಟ್ಟದ ಕಾಡಿನಲ್ಲಿ ಫೋನ್ ಸಿಗ್ನಲ್ ನಂಬುವಂತಿಲ್ಲ, ಆನೆ ಇದೆ. ಬೆಳಗ್ಗೆ ಏಳು ಗಂಟೆಗೆ ಬೆಳಕಿನಲ್ಲಿ ಇಳಿಯಿರಿ, ನಸುಕಿನ ನಾಲ್ಕಕ್ಕೆ ಹೊರಟು ಸಮಯ ಉಳಿಸುವ ಆಸೆ ಬೇಡ.

ಟೈರ್ ಗಾಳಿಯ ಬಗ್ಗೆ ಪ್ರತಿ ಬಾರಿ ಒಂದು ವಾದ ಏಳುತ್ತದೆ: ಕೆಳಗೆ ಸೆಕೆ, ಗಾಳಿ ಹಿಗ್ಗುತ್ತದೆ, ಸ್ವಲ್ಪ ಬಿಡಬೇಕು ಎಂದು. ಬಿಡಬೇಡಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ. ಅಲ್ಲಿಗಿಂತ ಕಡಲ ಮಟ್ಟದಲ್ಲಿ ಹೊರಗಿನ ವಾಯುಭಾರ ಹೆಚ್ಚುಕಡಿಮೆ 2 ಪಿಎಸ್‌ಐ (ಟೈರ್ ಗಾಳಿ ಅಳೆಯುವ ಮಾನ) ಜಾಸ್ತಿ, ಅಷ್ಟು ಗೇಜಿನಲ್ಲಿ ಕಳೆಯುತ್ತದೆ. 20 ಡಿಗ್ರಿಯಿಂದ 32 ಡಿಗ್ರಿಗೆ ಹೋದರೆ ಒಳಗಿನ ಒತ್ತಡ ಏರುವುದೂ ಹತ್ತಿರ ಹತ್ತಿರ ಅಷ್ಟೇ. ಮಡಿಕೇರಿಯ ತಣ್ಣನೆ ಬೆಳಗಿನಲ್ಲಿ 33 ತುಂಬಿಸಿದರೆ, ಕೊಚ್ಚಿಯಲ್ಲಿ ಕಾರು ರಾತ್ರಿಯೆಲ್ಲ ನಿಂತ ಮೇಲೂ 33ರ ಆಸುಪಾಸೇ ತೋರಿಸುತ್ತದೆ. ವಾಯುಭಾರ ಕಣ್ಣಿಗೆ ಕಾಣಬೇಕಾದರೆ ಮಕ್ಕಳ ಕೈಗೆ ಒಂದು ಖಾಲಿ ನೀರಿನ ಬಾಟಲಿ ಕೊಡಿ, ಮೇಲೆಯೇ ಮುಚ್ಚಳ ಬಿಗಿಸಿ. ಇರಿಟ್ಟಿ ತಲುಪುವಷ್ಟರಲ್ಲಿ ಅದರ ಕೆನ್ನೆ ಒಳಗೆ ಸೇರಿರುತ್ತದೆ. ಕಿವಿ ಕಟ್ಟುವುದೂ ಅದೇ ಕಾರಣಕ್ಕೆ. ಹಸುಳೆಗೆ ಇಳಿಜಾರಿನಲ್ಲೇ ಹಾಲು ಕುಡಿಸಿ, ದೊಡ್ಡ ಮಕ್ಕಳಿಗೆ ಚೀಪಲು ಏನಾದರೂ ಕೊಡಿ. ನುಂಗಿದರೆ ಕಿವಿ ಬಿಡುತ್ತದೆ.

ಬುತ್ತಿಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಮಧ್ಯಾಹ್ನದವರೆಗೆ ಚೆನ್ನಾಗಿರುತ್ತವೆ. ಪಂದಿ ಕರಿ (ಹಂದಿ ಮಾಂಸದ ಸಾರು) ಬೇಡ, ಕಾಚಂಪುಳಿ (ಅದಕ್ಕೆ ಬೆರೆಸುವ ಕಪ್ಪು ಹುಳಿ) ಹಾಕಿದೆ ಕೆಡುವುದಿಲ್ಲ ಎಂಬ ಧೈರ್ಯ ಬಿಸಿಲಿನಲ್ಲಿ ನಿಂತ ಕಾರಿಗೆ ಅನ್ವಯಿಸುವುದಿಲ್ಲ. ಮನೆಯ ವೈನ್ ಬಾಟಲಿಯೂ ಬೇಡ. ಗಡಿಯಲ್ಲಿ ಅಬಕಾರಿ ತಪಾಸಣೆ ಇದೆ, ಹಡಗಿಗೆ ಹೊರಗಿನ ಮದ್ಯ ಬಿಡುವುದಿಲ್ಲ, ಲಕ್ಷದ್ವೀಪದಲ್ಲಿ ಬಂಗಾರಂ ಬಿಟ್ಟು ಉಳಿದೆಡೆ ಪಾನನಿಷೇಧ. ಇನ್ನೊಂದು ಮಾತು ನಮ್ಮಲ್ಲಿಗೇ ವಿಶೇಷ: ಕೋವಿ ಇರುವ ಮನೆಗಳಲ್ಲಿ ಹಳೆಯ ಜಾಕೆಟ್ಟಿನ ಜೇಬು, ಬ್ಯಾಗಿನ ಪಕ್ಕದ ಚೀಲ, ಕಾರಿನ ಡ್ಯಾಶ್ ಬಾಕ್ಸು ಒಮ್ಮೆ ಕೊಡವಿ ನೋಡಿ. ಬಂದರಿನ ಸ್ಕ್ಯಾನರ್‌ನಲ್ಲಿ ಒಂದೇ ಒಂದು ತೋಟಾ ಕಂಡರೂ ಯಾನ ಅಲ್ಲಿಗೆ ಮುಗಿಯಿತು. ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯೂ ಮನೆಯಲ್ಲೇ ಇರಲಿ.

ಕಾಗದಪತ್ರದಲ್ಲಿ ಕೊಡಗಿನವರು ಎಡವುವುದು ಹೆಸರಿನಲ್ಲಿ. ನಮ್ಮಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಆಧಾರ್‌ನಲ್ಲಿ ಅದು ಪೂರ್ತಿ ಇರುತ್ತದೆ, ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಆಗಿ ಕುಗ್ಗಿರುತ್ತದೆ, ಟಿಕೆಟ್ ಮಾಡಿದವರು ಕೊನೆಗೆ ಸೇರಿಸಿರುತ್ತಾರೆ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಕಡ್ಡಾಯ. ಪರವಾನಗಿ, ಟಿಕೆಟ್, ಗುರುತಿನ ಚೀಟಿ ಮೂರರಲ್ಲೂ ಹೆಸರು ಅಕ್ಷರ ಅಕ್ಷರ ಹೊಂದಬೇಕು. ಬುಕ್ ಮಾಡುವಾಗ ಯಾವ ಚೀಟಿ ತೋರಿಸುತ್ತೀರೋ ಅದನ್ನು ಮುಂದಿಟ್ಟುಕೊಂಡೇ ಟೈಪ್ ಮಾಡಿಸಿ. ಟಿಕೆಟ್‌ನಲ್ಲಿ ಹಡಗು ಹೊರಡುವ ಸಮಯವಲ್ಲ, ವರದಿ ಮಾಡಿಕೊಳ್ಳುವ ಸಮಯ ನೋಡಿ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಕೊಚ್ಚಿಯಲ್ಲಿ ಹಿಂದಿನ ರಾತ್ರಿ ಕೋಣೆ ಹಿಡಿಯಿರಿ.

ಆ ರಾತ್ರಿ ವ್ಯರ್ಥವಲ್ಲ. ಸಂಜೆ 2023ರಲ್ಲಿ ಶುರುವಾದ ವಾಟರ್ ಮೆಟ್ರೋದ ವಿದ್ಯುತ್ ದೋಣಿ ಹತ್ತಿಸಿ ಮಕ್ಕಳನ್ನು ಹಿನ್ನೀರಿನಲ್ಲಿ ಸುತ್ತಿಸಿ. ಐದು ದಿನದ ಯಾನಕ್ಕೆ ಧೈರ್ಯವಿಲ್ಲದವರು ಕೇರಳದ ಒಳನಾಡು ಜಲಸಾರಿಗೆ ನಿಗಮದ ನೆಫರ್ಟಿಟಿ ಹಡಗಿನಲ್ಲಿ ಕೆಲವು ಗಂಟೆ ಅರಬ್ಬೀ ಸಮುದ್ರಕ್ಕೆ ಹೋಗಿ ಬರಬಹುದು, 48.5 ಮೀಟರ್ ಉದ್ದ, 200 ಜನ ಹಿಡಿಸುತ್ತಾರೆ. ದೊಡ್ಡ ಯಾನವೆಂದರೆ ಲಕ್ಷದ್ವೀಪ ಆಡಳಿತದ ಸಮುದ್ರಂ ಪ್ಯಾಕೇಜ್: ಎಂ.ವಿ. ಕವರತ್ತಿ ಹಡಗಿನಲ್ಲಿ ಐದು ದಿನ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ, ರಾತ್ರಿ ಹಡಗಿನಲ್ಲಿ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಹತ್ತದೆ ಬರಬೇಡಿ.

ಕ್ಯಾಬಿನ್ ಆರಿಸುವಾಗ ಕಿಟಕಿ, ಎತ್ತರ ನೋಡಬೇಡಿ. ಹಡಗು ತೂಗುವುದು ತಕ್ಕಡಿಯಂತೆ; ತುದಿಗಳು ಹೆಚ್ಚು ಏರಿಳಿಯುತ್ತವೆ, ನಡುಭಾಗ ಕಡಿಮೆ. ಕೆಳಗಿನ ಡೆಕ್, ನಡು ಭಾಗ ಕೇಳಿ. ಹೊಟ್ಟೆ ತೊಳಸುವುದಕ್ಕೆ ಕಾರಣ, ಒಳಗಿವಿ ಅಲುಗಾಟ ಹೇಳುತ್ತದೆ, ಕಣ್ಣು ಕ್ಯಾಬಿನ್ ಗೋಡೆ ನಿಂತಿದೆ ಎನ್ನುತ್ತದೆ. ಡೆಕ್‌ಗೆ ಬಂದು ದಿಗಂತ ನೋಡಿದರೆ ಎರಡೂ ಒಂದಾಗುತ್ತವೆ. ಪ್ರೊಮೆಥಜೈನ್ ಮಾತ್ರೆ ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಹತ್ತುವ ಒಂದೆರಡು ಗಂಟೆ ಮೊದಲೇ ಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಬಿಪಿ, ಪ್ರಾಸ್ಟೇಟ್ ಮಾತ್ರೆ ತಿನ್ನುವ ಹಿರಿಯರಿಗೆ ವೈದ್ಯರನ್ನು ಕೇಳಿ. ಪ್ರೊಮೆಥಜೈನ್ ನಿದ್ದೆ ತರಿಸುತ್ತದೆ. ಘಟ್ಟದಲ್ಲಿ ಹಿಂದಿನ ಸೀಟಿನವರು ತೆಗೆದುಕೊಳ್ಳಲಿ, ಚಾಲಕ ಮುಟ್ಟಬಾರದು. ಖಾಲಿ ಹೊಟ್ಟೆಯೂ ಕೆಟ್ಟದ್ದು, ತುಂಬಿದ ಹೊಟ್ಟೆಯೂ ಕೆಟ್ಟದ್ದು. ಒಣ ಬ್ರೆಡ್ಡು, ಶುಂಠಿ, ಒಂದು ಕಿತ್ತಳೆ ಸಾಕು.

ದ್ವೀಪದ ಸುತ್ತ ಹವಳದ ದಿಬ್ಬ ಇರುವುದರಿಂದ ಹಡಗು ದೂರದಲ್ಲೇ ನಿಲ್ಲುವುದುಂಟು. ಆಗ ಹಡಗಿನ ಪಕ್ಕದ ಬಾಗಿಲಿನಿಂದ ಚಿಕ್ಕ ದೋಣಿಗೆ ಇಳಿಯಬೇಕು. ಇಡೀ ಯಾನದಲ್ಲಿ ಹಿರಿಯರಿಗೆ ಕಷ್ಟವಾಗುವ ಜಾಗ ಇದೊಂದೇ. ದೋಣಿ ಅಲೆಯ ಜೊತೆ ಏರುತ್ತದೆ, ಒಂದು ಗಳಿಗೆ ಹೊಸ್ತಿಲಿಗೆ ಸಮವಾಗಿ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಏರಿ ನಿಂತ ಆ ಗಳಿಗೆಯಲ್ಲೇ ಕಾಲಿಡಬೇಕು, ಇಳಿಯಲು ಶುರುವಾದ ಮೇಲೆ ಅಲ್ಲ. ನಾವಿಕ ಮೊಣಕೈ ಹಿಡಿದಿರುತ್ತಾನೆ, ಅವನು ಹೇಳುವವರೆಗೆ ಕದಲಬೇಡಿ. ಚೀಲ ಮೊದಲು ದಾಟಿಸಿ, ಎರಡೂ ಕೈ ಖಾಲಿ ಇರಲಿ, ಮೊಬೈಲ್ ಜಿಪ್ ಇರುವ ಜೇಬಿನಲ್ಲಿ. ಸೀರೆ, ಪಂಚೆ ಆ ದಿನಕ್ಕೆ ಬೇಡ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿ. ಮೊಣಕಾಲು ಮಡಿಸಲಾಗದವರು ಹಡಗಿನಲ್ಲೇ ಉಳಿಯುವುದು ಮೇಲು. ಅದನ್ನು ಮನೆಯಲ್ಲೇ ಮಾತಾಡಿಕೊಂಡು ಹೊರಡಿ, ಬಾಗಿಲ ಬಳಿ ನಿಂತು ತೀರ್ಮಾನಿಸಬೇಡಿ.

ಕಾರು ಅಷ್ಟು ದಿನ ಕೊಚ್ಚಿಯ ಉಪ್ಪುಗಾಳಿಯಲ್ಲಿ ನಿಲ್ಲುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಹೋದರೆ ಪ್ಯಾಡು, ಡ್ರಮ್ಮು ತುಕ್ಕಿನಿಂದ ಅಂಟಿಕೊಳ್ಳಬಹುದು. ಸಮತಟ್ಟಾದ ಜಾಗ ನೋಡಿ, ಗೇರ್‌ನಲ್ಲಿಟ್ಟು, ಚಕ್ರಕ್ಕೆ ಅಡ್ಡ ಕೊಟ್ಟು ಬಿಡಿ.

ಹಡಗಿಳಿದ ದಿನವೇ ಮನೆಗೆ ಹೊರಡಬೇಡಿ. ಐದು ದಿನ ತೂಗಿದ ತಲೆಗೆ ನೆಲವೂ ಒಂದು ದಿನ ತೂಗುತ್ತದೆ. ಹೊರಟರೂ ತಲಶ್ಶೇರಿಯಲ್ಲಿ ಮಲಗಿ. ಬೆಳಗ್ಗೆ ಮುಳಪ್ಪಿಲಂಗಾಡ್ ಕಡಲತೀರದಲ್ಲಿ ಕಾರು ಓಡಿಸುವ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಸುಮಾರು 4 ಕಿ.ಮೀ. ಓಡಿಸಬಹುದು. ಅಲೆ ಈಗಷ್ಟೇ ಹಿಂದೆ ಸರಿದ, ಕಪ್ಪಗೆ ಒದ್ದೆಯಾಗಿ ಗಟ್ಟಿಯಾದ ಮರಳಿನ ಮೇಲೆ ಮಾತ್ರ ಹೋಗಿ. ಮೇಲಿನ ಒಣ ಬಿಳಿ ಮರಳಿಗೆ ಚಕ್ರ ಇಳಿದರೆ ಆಕ್ಸಿಲರೇಟರ್ ಒತ್ತಿದಷ್ಟೂ ಹೂತುಕೊಳ್ಳುತ್ತದೆ. ಉಬ್ಬರ ಏರುವ ಹೊತ್ತಿಗೆ ಹೋಗಬೇಡಿ. ಮುಗಿದ ಕೂಡಲೇ, ಇರಿಟ್ಟಿ ದಾಟುವ ಮೊದಲೇ, ಎಲ್ಲಾದರೂ ಲಿಫ್ಟ್‌ಗೆ ಏರಿಸಿ ಕಾರಿನ ತಳ, ಚಕ್ರದ ಕಮಾನಿನ ಒಳಭಾಗ ಸಿಹಿನೀರಿನಲ್ಲಿ ತೊಳೆಸಿ. ಮನೆಗೆ ಬಂದು ತೊಳೆದರಾಯಿತು ಎಂದುಕೊಂಡರೆ ಘಟ್ಟದ ಕೆಮ್ಮಣ್ಣು ಉಪ್ಪಿನ ಮೇಲೆ ಲೇಪವಾಗಿ ಕೂತು, ಮುಂದಿನ ಮಳೆಗಾಲವಿಡೀ ತೇವ ಹಿಡಿದಿಟ್ಟು ತಗಡು ತಿನ್ನುತ್ತದೆ.