ಗಿಡಕ್ಕೆ ಬಿಸಿಲಿನಿಂದ ಏನೂ ಆಗಲ್ವಾ?

ಸಸ್ಯಗಳ ಡಿಎನ್‌ಎ ರಿಪೇರಿ ನನ್ನ ಪಾಠದ ವಿಷಯ ಅಂತ ಗೊತ್ತಾದರೆ ಸಾಕು, ಎಲ್ಲರದೂ ಒಂದೇ ಪ್ರಶ್ನೆ: "ಗಿಡಗಳು ದಿನವಿಡೀ ಬಿಸಿಲಲ್ಲೇ ನಿಂತಿರ್ತಾವಲ್ಲ, ಅವಕ್ಕೇನೂ ಆಗಲ್ವಾ?"

ಆಗುತ್ತೆ. ದಿನಾ ಆಗುತ್ತೆ. "ಏನೂ ಆಗಲ್ವಾ" ಅನ್ನುವ ಆ ಧಾಟಿಗೇ ನನಗೆ ರೇಗುವುದು. ನೇರಳಾತೀತ ಕಿರಣ ಬಿದ್ದರೆ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಎರಡು ಥೈಮಿನ್‌ಗಳು, ಅಂದರೆ ಡಿಎನ್‌ಎ ಬರಹದ ಎರಡು ಅಕ್ಷರಗಳು, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಕಲು ತೆಗೆಯುವ ಕೆಲಸ ಅಲ್ಲಿಗೆ ಬಂದು ತಡವರಿಸುತ್ತದೆ. ಈ ಅಂಟು ಬಿಡಿಸುವುದು ಫೋಟೋಲೈಯೇಸ್ ಎಂಬ ಕಿಣ್ವ, ಒಂದು ಪ್ರೋಟೀನು. ಅಂಟಿದ ಜಾಗವನ್ನು ಅದು ಕತ್ತಲಲ್ಲೂ ಹುಡುಕಿ ಹಿಡಿದು ಕೂರುತ್ತದೆ. ಬಿಡಿಸಲು ಮಾತ್ರ ನೀಲಿ ಬೆಳಕು ಬೇಕು. ಬೆಳಕು ತಾಗಿತೋ, ಕಿಣ್ವದೊಳಗಿನ ಫ್ಲೇವಿನ್ ಎಂಬ ಪುಟ್ಟ ಅಣು ಒಂದು ಎಲೆಕ್ಟ್ರಾನ್ ಕೊಡುತ್ತದೆ, ಅಂಟು ಬಿಡುತ್ತದೆ, ಎಲೆಕ್ಟ್ರಾನ್ ವಾಪಸ್ ಬರುತ್ತದೆ. ಕೆಡಿಸಿದ್ದೂ ಬಿಸಿಲು, ಸರಿಮಾಡಿದ್ದೂ ಬಿಸಿಲು! ಈ ಕಿಣ್ವ ಗಿಡಗಳಲ್ಲಷ್ಟೇ ಇಲ್ಲ: ವಿಜ್ಞಾನಿ ಕ್ಲಾಡ್ ರೂಪರ್ಟ್ ಇದರ ಮೇಲೆ ಕೆಲಸ ಮಾಡಿದ್ದು ಶಿಲೀಂಧ್ರದಲ್ಲಿ, ಬ್ರೆಡ್ ಉಬ್ಬಿಸುವ ಯೀಸ್ಟ್‌ನಲ್ಲಿ.

ಒಂದು ಮದುವೆ ಊಟದಲ್ಲಿ ಇಷ್ಟನ್ನೂ ಹೇಳಿ ಮುಗಿಸಿದ್ದೆ. ಪಕ್ಕದ ಎಲೆಯವರು, "ಹಾಗಾದ್ರೆ ಸೊಪ್ಪು ಅರೆದು ಮುಖಕ್ಕೆ ಹಚ್ಕೊಂಡ್ರೆ ಆಯ್ತಲ್ವಾ ಮೇಡಂ?" ಅಂದರು. ಆಗಲ್ಲ ಸ್ವಾಮಿ. ಅರೆದ ಸೊಪ್ಪಿನ ಪ್ರೋಟೀನು ನಿಮ್ಮ ಚರ್ಮದ ಕೋಶದೊಳಗೆ ನಡೆದು ಹೋಗಿ ಡಿಎನ್‌ಎ ಮುಟ್ಟುವುದಿಲ್ಲ. ಕಾಂಗರೂಗೆ ಈ ಕಿಣ್ವ ಇದೆ, ನಮಗಿಲ್ಲ. ನಾವು ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಹೊಸದು ತುಂಬಿಸಿಕೊಳ್ಳಬೇಕು.

ಪ್ರತಿಸಲ ಮಾತು ಮುಖದ ಕಾಂತಿಗೇ ಬಂದು ನಿಲ್ಲುತ್ತದೆ. ಗಿಡದ ಬಗ್ಗೆ ಕೇಳಿ! "ಎಲ್ಲ ಗಿಡಕ್ಕೂ ಈ ರಿಪೇರಿ ಒಂದೇ ಸಮ ಆಗುತ್ತಾ?" ಅಂತ ಯಾರಾದರೂ ಕೇಳಲಿ ಅಂತ ಕಾಯ್ತಿದ್ದೀನಿ.

ಆಗಲ್ಲ. ಜಪಾನಿನ ಎರಡು ಭತ್ತದ ತಳಿ ನೋಡಿ: ಸಸಾನಿಶಿಕಿ, ನೋರಿನ್-1. ನೇರಳಾತೀತ ಕಿರಣ ಹೆಚ್ಚಾದರೆ ಸಸಾನಿಶಿಕಿ ತಡೆದುಕೊಳ್ಳುತ್ತದೆ, ನೋರಿನ್-1 ಬೆಳವಣಿಗೆ ಕುಂಠಿತವಾಗುತ್ತದೆ. ಕಾರಣ ಹುಡುಕಿದರೆ ಸಿಕ್ಕಿದ್ದು ಫೋಟೋಲೈಯೇಸ್‌ನ 126ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ, ಪ್ರೋಟೀನಿನ ಸರದ ಒಂದು ಮಣಿ. ಅಲ್ಲಿ ಸಸಾನಿಶಿಕಿಗೆ ಗ್ಲುಟಮಿನ್, ನೋರಿನ್-1ಕ್ಕೆ ಆರ್ಜಿನಿನ್. ಅಷ್ಟಕ್ಕೇ ರಿಪೇರಿ ನಿಧಾನ. ನಮ್ಮ ದೇಶದ್ದೇ ಸುರ್ಜಮುಖಿ ಎಂಬ ಭತ್ತ ಈ ಕಿರಣಕ್ಕೆ ನೋರಿನ್-1ಕ್ಕಿಂತ ಇನ್ನೂ ಸೂಕ್ಷ್ಮ.

ನಾವು ತಳಿ ಆರಿಸುವಾಗ ಇಳುವರಿ ನೋಡ್ತೀವಿ, ಬೆಂಕಿರೋಗ ತಡೆಯುತ್ತಾ ನೋಡ್ತೀವಿ. ಬಿಸಿಲಲ್ಲಿ ಕೆಟ್ಟದ್ದನ್ನು ಎಷ್ಟು ಬೇಗ ಸರಿಮಾಡಿಕೊಳ್ಳುತ್ತೆ ಅಂತ ನನ್ನನ್ನು ಈವರೆಗೆ ಒಬ್ಬರೂ ಕೇಳಿಲ್ಲ.